ಊತವೋ, ಬಾವೋ?

ದಾವಣಗೆರೆಯಿಂದ ಓದುಗರೊಬ್ಬರು ಬರೆದಿರುವ ಪತ್ರ ಈ ವಾರ ನನ್ನ ಮುಂದಿದೆ. ಪತ್ರದ ತುಂಬ ಒಂದು ಸಂಸಾರವೇ ಇದೆ. ಮನೆಯ ಮಗು ಮಂಚದಿಂದ ಉರುಳಿಬಿದ್ದು ಹಣೆಗೆ ಪೆಟ್ಟು ಮಾಡಿಕೊಂಡಿತಂತೆ. ಧಾರವಾಡದ ಕಡೆಯವರಾದ ಯಜಮಾನರು ‘ಬಾವು ಬಂದದ’ ಎಂದರು. ಮೈಸೂರಿನ ಮನೆಮಗಳಾದ ಅವರ ಪತ್ನಿ ‘ಬಾವಲ್ಲ, ಊದಿಕೊಂಡಿದೆ’ ಎಂದು ತಿದ್ದಿದರು. ಅಡಿಗೆಮನೆಯಿಂದ ಓಡಿಬಂದ ಅಜ್ಜಿ ‘ಅಯ್ಯೋ, ಬುಗುಟು ಎದ್ದುಬಿಟ್ಟಿದೆಯಲ್ಲೇ!’ ಎಂದು ಹಲುಬಿದರು. ಆರನೆಯ ತರಗತಿಯಲ್ಲಿ ಓದುವ ಹಿರಿಯ ಮಗಳು ಮಾತ್ರ, ‘ಸ್ವೆಲಿಂಗ್ ಆಗಿದೆ ಅಷ್ಟೇ, ಐಸ್ ಇಡಿ’ ಎಂದು ತೀರ್ಪು ಕೊಟ್ಟು ಹೊರಟುಹೋದಳು. ಮಗುವಿನ ಅಳು ನಿಂತಮೇಲೂ ದೊಡ್ಡವರ ವಾದ ನಿಲ್ಲಲಿಲ್ಲ. ‘ಸ್ವೆಲಿಂಗ್ ಎಂಬುದಕ್ಕೆ ಸರಿಯಾದ ಕನ್ನಡ ಮಾತು ಯಾವುದು? ತಾವು ತೀರ್ಮಾನ ಕೊಟ್ಟರೆ ನಮ್ಮ ಮನೆಯಲ್ಲಿ ಶಾಂತಿ ನೆಲೆಸುತ್ತದೆ’ ಎಂದು ಯಜಮಾನರು ಕೇಳಿದ್ದಾರೆ.

ಗಂಡಹೆಂಡಿರ ನಡುವೆ ತೀರ್ಪು ಹೇಳುವಷ್ಟು ಅವಿವೇಕ ನನಗಿಲ್ಲ. ಆದರೆ ಪ್ರಶ್ನೆ ಒಳ್ಳೆಯದು. ಅವರು ಎಣಿಸಿರುವುದಕ್ಕಿಂತ ದೊಡ್ಡದು ಕೂಡ. ಮೊದಲು ಆ ಆರನೆಯ ತರಗತಿಯ ಹುಡುಗಿಯ ಮಾತನ್ನೇ ವಿಚಾರಿಸೋಣ.

‘ಸ್ವೆಲ್’ ಎಂಬುದು ಇಂಗ್ಲಿಷಿನ ಹಳೆಯ ಮನೆಮಾತು. ಲ್ಯಾಟಿನ್ನಿನಿಂದಾಗಲಿ ಫ್ರೆಂಚಿನಿಂದಾಗಲಿ ಎರವಲು ತಂದದ್ದಲ್ಲ. ಜರ್ಮನ್, ಡಚ್ ಮೊದಲಾದ ದಾಯಾದಿ ಭಾಷೆಗಳಲ್ಲಿಯೂ ಇದರ ಒಡಹುಟ್ಟುಗಳಿವೆ. ಹಳೆಯ ಮಾತಾದುದರಿಂದಲೇ ಅದರ ಕ್ರಿಯಾರೂಪಗಳಲ್ಲಿ ಹಳೆಯ ಕಾಲದ ವಕ್ರತೆ ಉಳಿದಿದೆ. ಭೂತಕಾಲಕ್ಕೆ ‘ಸ್ವೆಲ್ಡ್’ ಎಂದರೂ ಊದಿದ ಕಾಲನ್ನು ಮಾತ್ರ ‘ಸ್ವೋಲನ್’ ಎಂದೇ ಹೇಳಬೇಕು. ನಮ್ಮ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಎಡವುವುದು ಇಲ್ಲಿಯೇ. ಈ ಮಾತಿನ ಸಂಚಾರವೋ ಬಹು ವಿಸ್ತಾರವಾದುದು. ಪೆಟ್ಟು ಬಿದ್ದ ಮೈ ‘ಸ್ವೆಲ್’ ಆಗುತ್ತದೆ. ಮಳೆಗಾಲದ ಹೊಳೆಯೂ ಆಗುತ್ತದೆ. ಹಡಗಿನ ಹಾಯಿ ಗಾಳಿ ತುಂಬಿಕೊಂಡರೂ ಅದೇ, ವಾದ್ಯಮೇಳದ ಧ್ವನಿ ಮೆಲ್ಲನೆ ಏರಿದರೂ ಅದೇ. ದೂರದ ಬಿರುಗಾಳಿಯಲ್ಲಿ ಹುಟ್ಟಿ, ಗಾಳಿ ಅಡಗಿದ ಮೇಲೂ ಸಾಗರದ ಮೇಲೆ ನಿಧಾನವಾಗಿ ಸಾಗಿಬರುವ ನೀಳವಾದ ಅಲೆಗಳಿಗೂ ಇದೇ ಹೆಸರು. 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಠಾಕುಠೀಕಾಗಿ ಉಡುಪು ತೊಟ್ಟು ಎದೆಯುಬ್ಬಿಸಿ ನಡೆಯುವ ಷೋಕಿಲಾಲನನ್ನು ‘ಸ್ವೆಲ್’ ಎಂದು ಕರೆದರು. ಅಲ್ಲಿಂದ ಅಮೆರಿಕಕ್ಕೆ ಹೋದ ಮಾತು ‘ಬಲು ಸೊಗಸು’ ಎಂಬ ಅರ್ಥವನ್ನೂ ಪಡೆಯಿತು. ಹಳೆಯ ಹಾಲಿವುಡ್ ಚಿತ್ರಗಳಲ್ಲಿ ನಾಯಕ ‘ಸ್ವೆಲ್!’ ಎಂದು ಉದ್ಗರಿಸಿದರೆ ಅವನಿಗೆ ಎಲ್ಲಿಯೋ ಊದಿಕೊಂಡಿದೆಯೆಂದು ಯಾರೂ ಗಾಬರಿಯಾಗಬೇಕಾಗಿಲ್ಲ.

ಹೀಗೆ ಊರೆಲ್ಲ ತಿರುಗುವ ಮಾತನ್ನು ಮನೆಯೊಳಗೆ ಕರೆತಂದು ಒಂದೇ ಕೆಲಸಕ್ಕೆ ಹಚ್ಚಿದವರು ನಾವು. ಇಂಗ್ಲಿಷರ ಮನೆಯಲ್ಲಿ ಸ್ವೆಲಿಂಗ್ ಒಂಟಿಯಲ್ಲ. ತಲೆಗೆ ತಗುಲಿ ಎದ್ದದ್ದನ್ನು ಅವರು ‘ಬಂಪ್’ ಎನ್ನುತ್ತಾರೆ. ಕೈಗೆ ಗಟ್ಟಿಯಾಗಿ ಸಿಕ್ಕಿದರೆ ‘ಲಂಪ್’, ಹೊರಕ್ಕೆ ಉಬ್ಬಿ ನಿಂತರೆ ‘ಬಲ್ಜ್’, ನೀರು ತುಂಬಿದರೆ ‘ಬ್ಲಿಸ್ಟರ್’, ಕೀವು ತುಂಬಿದರೆ ‘ಬಾಯಿಲ್’. ಅವರ ಹೆಂಗಸರು ಮಕ್ಕಳೂ ಈ ಭೇದಗಳನ್ನು ಬಲ್ಲರು. ಆ ಕುಟುಂಬದಿಂದ ಒಬ್ಬನನ್ನು ಮಾತ್ರ ನಾವು ಕರೆತಂದು, ನಮ್ಮ ಮನೆಯ ಐದಾರು ಮಂದಿಯನ್ನು ಹೊರಗೆ ಕಳುಹಿಸಿ, ಎಲ್ಲರ ಕೆಲಸವನ್ನೂ ಅವನಿಗೆ ಒಪ್ಪಿಸಿದ್ದೇವೆ.

ಹೊರಗೆ ಹೋದವರು ಯಾರು ಯಾರು? ‘ಊತ’ದಿಂದ ತೊಡಗೋಣ. ಅದು ‘ಊದು’ ಎಂಬ ಧಾತುವಿನ ನಾಮರೂಪ. ಕೊಳಲನ್ನೂ ಊದುತ್ತೇವೆ, ಒಲೆಯನ್ನೂ ಊದುತ್ತೇವೆ, ಕಾಲೂ ಊದುತ್ತದೆ. ಗಾಳಿ ತುಂಬಿದಂತೆ ದೊಡ್ಡದಾಗುವುದೇ ಊತ ಎಂಬ ಚಿತ್ರ ಮಾತಿನಲ್ಲಿಯೇ ಅಡಗಿದೆ. ಲ್ಯಾಟಿನ್ನಿನಲ್ಲಿಯೂ ‘ಒಳಕ್ಕೆ ಊದು’ ಎಂಬ ಅರ್ಥದ ಮಾತಿನಿಂದಲೇ ‘ಇನ್‌ಫ್ಲೇಷನ್’ ಹುಟ್ಟಿದೆ. ಅದನ್ನು ನಮ್ಮ ಪತ್ರಿಕೆಯವರು ‘ಹಣದುಬ್ಬರ’ ಎಂದದ್ದು ಅಂದವಾಗಿದೆ. ಗಂಡ ಕಚೇರಿಯಿಂದ ತಡವಾಗಿ ಬಂದರೆ ಹೆಂಡತಿಯ ಮೋರೆ ಊದುತ್ತದೆ. ಇದಕ್ಕೆ ಔಷಧ ಬೇರೆ. ಅದು ಮಲ್ಲಿಗೆಯ ಅಂಗಡಿಯಲ್ಲಿ ದೊರೆಯುತ್ತದೆ.

‘ಬಾವು’ ಬೇರೆ ಧಾತುವಿನದು. ‘ಕಣ್ಣು ಬಾತುಕೊಂಡಿದೆ’ ಎಂಬಲ್ಲಿ ಕಾಣುವುದು ಅದರ ಕ್ರಿಯಾರೂಪ. ನೆರೆಯ ತೆಲುಗಿನವರು ಇದನ್ನೇ ‘ವಾಪು’ ಎನ್ನುತ್ತಾರೆ. ತಮಿಳಿನ ‘ವಿಲ್’ ನಮ್ಮಲ್ಲಿ ‘ಬಿಲ್ಲು’ ಆದಂತೆ, ಅಲ್ಲಿಯ ವಕಾರ ನಮ್ಮಲ್ಲಿ ಬಕಾರವಾಗುವುದು ಭಾಷಾಶಾಸ್ತ್ರ ಓದಿದವರಿಗೆಲ್ಲ ಗೊತ್ತಿರುವ ನಿಯಮ. ಅದೇ ನಿಯಮದಿಂದ ತಮಿಳಿನ ‘ವೀಂಗು’ ನಮ್ಮ ‘ಬೀಗು’. ಆದರೆ ಇಲ್ಲಿ ಒಂದು ಸ್ವಾರಸ್ಯವಿದೆ. ತಮಿಳರಿಗೆ ಇಂದಿಗೂ ಕಾಲು ‘ವೀಂಗು’ತ್ತದೆ, ನಮ್ಮಲ್ಲಿ ಕಾಲು ಬೀಗುವುದಿಲ್ಲ, ಮನುಷ್ಯ ಬೀಗುತ್ತಾನೆ. ಮೈಯ ಊತಕ್ಕಿದ್ದ ಮಾತನ್ನು ಕನ್ನಡಿಗ ಮನಸ್ಸಿನ ಊತಕ್ಕೆ ಎತ್ತಿಟ್ಟುಬಿಟ್ಟ. ‘ಉಬ್ಬು’ ಎರಡು ಕಡೆಯೂ ದುಡಿಯುತ್ತದೆ. ಎಣ್ಣೆಯಲ್ಲಿ ಪೂರಿ ಉಬ್ಬುತ್ತದೆ. ಮಳೆಗಾಲದಲ್ಲಿ ಬಾಗಿಲು ಉಬ್ಬಿ ಚಿಲಕ ಕೂರದಂತಾಗುತ್ತದೆ. ಹೊಗಳಿಕೆಗೆ ಮನುಷ್ಯನೂ ಉಬ್ಬುತ್ತಾನೆ. ‘ಹಿಗ್ಗು’ ಎಂಬುದಂತೂ ದೊಡ್ಡದಾಗುವುದನ್ನೂ ಸಂತೋಷವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ.

ಇನ್ನುಳಿದವರನ್ನು ಬೇಗಬೇಗ ನೋಡಿಬಿಡೋಣ. ಪೆಟ್ಟಿನಿಂದ ತಲೆಯ ಮೇಲೆ ಏಳುವುದು ಬುಗುಟು. ಬೆತ್ತದ ಏಟಿನಿಂದ ಬರೆಯಂತೆ ಏಳುವುದು ಬಾಸುಂಡೆ. ನಮ್ಮ ತಂದೆಯವರ ಕಾಲದ ಮೇಷ್ಟರುಗಳಿಗೆ ಈ ಪದದ ಪ್ರಾತ್ಯಕ್ಷಿಕ ಪರಿಚಯವಿತ್ತು. ಬಿಸಿಯೆಣ್ಣೆ ಸಿಡಿದರೆ ಬೊಬ್ಬೆ. ಆಗ ಹೊಡೆಯುವುದೂ ಬೊಬ್ಬೆಯೇ. ಕೀವುಗೂಡಿದರೆ ಕುರು, ಮೈತುಂಬ ತುರಿಸಿದರೆ ದದ್ದು ಅಥವಾ ಪಿತ್ತಗಂಧೆ, ಚರ್ಮದ ಕೆಳಗೆ ಗಟ್ಟಿಯಾಗಿ ನಿಂತರೆ ಗಂಟು, ಅದು ಬೆಳೆದರೆ ಗಡ್ಡೆ. ಕಿವಿಯ ಬುಡದಲ್ಲಿ ಕೆನ್ನೆ ಊದಿ, ಮಗುವಿನ ಮುಖ ಕಡಲೆ ತುಂಬಿಕೊಂಡ ಕೋತಿಯ ಮುಖದಂತಾದರೆ ಅದು ಮಂಗನಬಾವು. (ಇದನ್ನು ಮಂಗನ ಕಾಯಿಲೆಯೊಡನೆ ಬೆರಸಬಾರದು. ಅದು 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, ಉಣ್ಣೆಹುಳುಗಳಿಂದ ಹರಡುವ ಕಠಿಣವಾದ ಜ್ವರ. ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಪಟ್ಟಣದವರು ಎರಡನ್ನೂ ಒಂದೆಂದು ತಿಳಿದು ಹೆದರುವುದನ್ನು ನಾನೇ ಕಂಡಿದ್ದೇನೆ.)

ಈ ಮಾತುಗಳೊಡನೆ ಬರುವ ಕ್ರಿಯಾಪದಗಳನ್ನು ಗಮನಿಸಿ. ಬುಗುಟು ಏಳುತ್ತದೆ. ಊತ ಇಳಿಯುತ್ತದೆ. ಬಾವು ಹಣ್ಣಾಗುತ್ತದೆ, ಒಡೆಯುತ್ತದೆ. ಗಡ್ಡೆ ಬೆಳೆಯುತ್ತದೆ. ಊತ ಹಣ್ಣಾಯಿತೆಂದೋ ಬುಗುಟು ಬೆಳೆಯಿತೆಂದೋ ಯಾವ ಅಜ್ಜಿಯೂ ಹೇಳಳು. ಹಿಡಿದ ಕ್ರಿಯಾಪದದಿಂದಲೇ ಕಾಯಿಲೆಯ ನಡೆ ತಿಳಿಯುತ್ತದೆ. ‘ಸ್ವೆಲಿಂಗ್’ ಮಾತ್ರ ನಮ್ಮ ಬಾಯಲ್ಲಿ ಎಂದೂ ‘ಆಗುತ್ತದೆ’. ಅದಕ್ಕೆ ಬೇರೆ ಕೆಲಸವೇ ತಿಳಿಯದು.

ಸಂಸ್ಕೃತದ ಕಡೆಗೆ ಒಮ್ಮೆ ಇಣಿಕಿ ಮುಂದೆ ಹೋಗೋಣ. ಅಲ್ಲಿ ಒಂದು ಬೆರಗು ಕಾದಿದೆ. ಆಯುರ್ವೇದದಲ್ಲಿ ಊತಕ್ಕೆ ಶೋಥ, ಶ್ವಯಥು ಎಂಬ ಹೆಸರುಗಳಿವೆ. ಶ್ವಯಥುವಿನ ಮೂಲ ‘ಶ್ವಿ’ ಎಂಬ ಧಾತು. ಊದು, ಬೆಳೆ ಎಂದು ಅದರರ್ಥ. ಊದಿಕೊಂಡದ್ದು ‘ಶೂನ’, ಈ ಶೂನದಿಂದಲೇ ‘ಶೂನ್ಯ’ ಹುಟ್ಟಿತೆಂದು ನಿಘಂಟುಕಾರರು ಹೇಳುತ್ತಾರೆ. ಹೊರಗೆ ಊದಿದ್ದು ಒಳಗೆ ಪೊಳ್ಳು ಎಂಬ ಭಾವದಿಂದ ಅರ್ಥ ಅತ್ತ ಹೊರಳಿರಬೇಕು. ಆ ಶೂನ್ಯವೇ ಪ್ರಾಕೃತದ ಮೂಲಕ ನಮ್ಮ ‘ಸೊನ್ನೆ’. ಅಲ್ಲಮಪ್ರಭುವಿನ ಶೂನ್ಯಸಿಂಹಾಸನಕ್ಕೂ, ನಮ್ಮ ಹುಡುಗರು ಗಣಿತದಲ್ಲಿ ತರುವ ಸೊನ್ನೆಗೂ, ಬಾತ ಕಾಲಿಗೂ ಒಂದೇ ಧಾತುವಿನ ನಂಟು! ಗ್ರೀಕರಲ್ಲಿ ಊತದ ಮಾತು ಒಬ್ಬ ದೊರೆಯ ಹೆಸರನ್ನೇ ಹೊಕ್ಕಿತು. ಹುಟ್ಟಿದೊಡನೆ ಪಾದಗಳನ್ನು ಚುಚ್ಚಿ ಬೆಟ್ಟದಲ್ಲಿ ಬಿಸುಟ ಶಿಶುವಿಗೆ ಬಂದ ಹೆಸರು ಈಡಿಪಸ್, ಎಂದರೆ ‘ಊದಿದ ಪಾದದವನು’. ಇಂದು ವೈದ್ಯರು ಬರೆಯುವ ‘ಇಡೀಮ’ ಎಂಬ ಮಾತಿಗೂ ಆ ಹೆಸರಿನ ಮೊದಲರ್ಧಕ್ಕೂ ಮೂಲವೊಂದೇ.

ಇಷ್ಟೆಲ್ಲ ನಾನು ತರಗತಿಯಲ್ಲಿ ಹೇಳಬಲ್ಲೆ, ಹೇಳಿಯೂ ಇದ್ದೇನೆ. ಆದರೂ ಕಳೆದ ವರ್ಷ ನನ್ನ ತಾಯಿಯವರ ವಿಷಯದಲ್ಲಿ ನಾನು ನಡೆದುಕೊಂಡ ರೀತಿಯನ್ನು ಓದುಗರ ಮುಂದೆ ಒಪ್ಪಿಸಿಬಿಡುವುದು ಒಳ್ಳೆಯದು. ಪತ್ರವನ್ನು ಓದಿದಾಗಿನಿಂದ ಅದೇ ನೆನಪಾಗುತ್ತಿದೆ.

ಒಂದು ದಿನ ಕಾಲೇಜಿಗೆ ಹೊರಟಿದ್ದಾಗ ಅಮ್ಮ, ‘ಕಾಲು ಯಾಕೋ ಊದ್ಕೋತಿದೆ ಕಣೋ’ ಎಂದರು. ಸಂಜೆ ಹಿಂದಿರುಗುವಾಗ ಔಷಧದ ಅಂಗಡಿಯೊಂದಕ್ಕೆ ಹೋಗಿ, ‘ತಾಯಿಯವರಿಗೆ ಕಾಲಿನಲ್ಲಿ ಸ್ವೆಲಿಂಗ್, ಏನಾದರೂ ಕೊಡಿ’ ಎಂದೆ. ಅಂಗಡಿಯಾತ, ‘ಉಳುಕಿತ್ತೇ ಸಾರ್?’ ಎಂದು ಕೇಳಿದ. ‘ಇರಬಹುದು’ ಎಂದೆ. ಆತ ಬಾವನ್ನೂ ನೋವನ್ನೂ ಇಳಿಸುವ ಮಾತ್ರೆಗಳನ್ನು ಕೊಟ್ಟ, ಜೊತೆಗೆ ಒಂದು ಮುಲಾಮು. ನಾನು ಹೇಳಿದ ಮಾತಿಗೆ ಅದು ತಕ್ಕ ಔಷಧವೇ. ಆತನನ್ನು ದೂರಿ ಫಲವಿಲ್ಲ. ನಾಲ್ಕು ದಿನ ಅಮ್ಮ ಮಗನ ಮಾತಿಗೆ ಬೆಲೆಕೊಟ್ಟು ನುಂಗಿದರು. ಹೊಟ್ಟೆಯುರಿ ಬಂದಿತು. ಊತ ಹರಡಿನಿಂದ ಮೇಲಕ್ಕೆ ಏರಿತು.

ಐದನೆಯ ದಿನ ಡಾಕ್ಟರ ಬಳಿಗೆ ಹೋದೆವು. ಇನ್ನೂ ಎಳೆಯ ವಯಸ್ಸಿನ ಹೆಣ್ಣುಮಗಳು. ನಾನು ನನ್ನ ವಾಡಿಕೆಯಂತೆ, ‘ಸ್ವೆಲಿಂಗ್ ಡಾಕ್ಟರೇ, ಕಡಿಮೆಯಾಗುತ್ತಿಲ್ಲ’ ಎಂದು ಆರಂಭಿಸಿದೆ. ಆಕೆ ತಲೆಯಾಡಿಸಿ, ನನ್ನನ್ನು ಬಿಟ್ಟು ಅಮ್ಮನ ಕಡೆಗೆ ತಿರುಗಿ ಕೇಳಿದರು: ‘ಅಮ್ಮಾ, ನೀವು ಹೇಳಿ. ಇದು ಊತವೋ, ಬಾವೋ?’

ಅಮ್ಮನಿಗೆ ಇಂಥ ಪ್ರಶ್ನೆಯನ್ನು ಯಾರೋ ಕೊನೆಗೂ ಕೇಳಿದರಲ್ಲ ಎಂಬ ಸಮಾಧಾನವಾದಂತೆ ಕಂಡಿತು. ‘ಬಾವಲ್ಲಮ್ಮ. ಬಾವಾದರೆ ಕೈಯಿಟ್ಟರೆ ಸುಡುತ್ತೆ, ಕೆಂಪಗಿರುತ್ತೆ, ಮುಟ್ಟಿಸಿಕೊಳ್ಳೋಕಾಗಲ್ಲ. ಇದು ಬರೀ ಊತ. ಬೆಳಿಗ್ಗೆ ಏಳುವಾಗ ಇಳಿದಿರುತ್ತೆ, ಸಾಯಂಕಾಲಕ್ಕೆ ತುಂಬಿಕೊಳ್ಳುತ್ತೆ. ಎರಡು ಕಾಲೂ ಒಂದೇ ಸಮ. ಒತ್ತಿದರೆ ಗುಳಿ ಬೀಳುತ್ತೆ. ಕಾಲುಂಗುರ ಕಚ್ಚುತ್ತೆ’ ಎಂದು ಒಂದೇ ಸಮನೆ ಹೇಳಿದರು.

ಡಾಕ್ಟರು ಕಣಕಾಲಿನ ಮೇಲೆ ಹೆಬ್ಬೆರಳನ್ನು ಒತ್ತಿ ಹಿಡಿದು ಬಿಟ್ಟರು. ಹಿಟ್ಟಿನ ಮುದ್ದೆಯ ಮೇಲೆ ಮೂಡಿದಂತೆ ಗುಳಿ ಹಾಗೆಯೇ ನಿಂತಿತು. ಎರಡು ಕಾಲುಗಳೂ ಸಮನಾಗಿ ಹೀಗೆ ಊದಿದರೆ ಮೊದಲು ಸಂಶಯಿಸಬೇಕಾದುದು ಕಾಲನ್ನಲ್ಲ, ಹೃದಯ, ಮೂತ್ರಪಿಂಡ, ಯಕೃತ್ತುಗಳನ್ನು ಎಂದು ಅವರು ವಿವರಿಸಿದಾಗ ನನ್ನ ಎದೆ ಡವಗುಟ್ಟಿತು. ರಕ್ತ, ಮೂತ್ರ, ಹೃದಯ ಎಲ್ಲದರ ಪರೀಕ್ಷೆಯೂ ಆಯಿತು. ದೇವರ ದಯೆಯಿಂದ ಯಾವುದರಲ್ಲಿಯೂ ದೋಷ ಕಾಣಲಿಲ್ಲ. ಕೊನೆಗೆ ಅವರು ಅಮ್ಮ ನುಂಗುತ್ತಿದ್ದ ಮಾತ್ರೆಗಳನ್ನೆಲ್ಲ ತರಿಸಿ ನೋಡಿದರು. ರಕ್ತದೊತ್ತಡಕ್ಕೆಂದು ತೆಗೆದುಕೊಳ್ಳುತ್ತಿದ್ದ ಅಮ್ಲೋಡಿಪಿನ್ ಮಾತ್ರೆಯನ್ನು ಒಂದೂವರೆ ತಿಂಗಳ ಹಿಂದೆ 5 ಮಿಲಿಗ್ರಾಮಿನಿಂದ 10ಕ್ಕೆ ಏರಿಸಲಾಗಿತ್ತು. ರಕ್ತನಾಳಗಳನ್ನು ಸಡಿಲಿಸಿ ಒತ್ತಡವನ್ನು ಇಳಿಸುವ ಈ ಒಳ್ಳೆಯ ಔಷಧ ಕೆಲವರಿಗೆ ಹರಡಿನಲ್ಲಿ ಊತವನ್ನು ತರುವುದುಂಟು. ಪ್ರಮಾಣ ಹೆಚ್ಚಿದಷ್ಟೂ ಅದರ ಸಂಭವ ಹೆಚ್ಚು. ನಾನು ತಂದ ನೋವಿನ ಮಾತ್ರೆಯ ಜಾತಿಯದಾದರೋ ಮೈಯಲ್ಲಿ ಉಪ್ಪುನೀರನ್ನು ಹಿಡಿದಿಟ್ಟು, ರಕ್ತದೊತ್ತಡವನ್ನು ಏರಿಸಿ, ಮೂತ್ರಪಿಂಡಕ್ಕೂ ತೊಂದರೆ ಕೊಡಬಲ್ಲದು. ಊತವನ್ನು ಇಳಿಸಲು ಹೋಗಿ ಊತಕ್ಕೆ ನೀರೆರೆದಿದ್ದೆ!

ಅವರು ಔಷಧವನ್ನು ಬದಲಾಯಿಸಿದರು. ಎರಡು ವಾರಗಳಲ್ಲಿ ಕಾಲು ಮೊದಲಿನಂತಾಯಿತು. (ಇದನ್ನು ಓದಿ ಯಾರೂ ತಮ್ಮ ಮಾತ್ರೆಯನ್ನು ತಾವೇ ನಿಲ್ಲಿಸತಕ್ಕದ್ದಲ್ಲ. ಏರಿಸುವುದೂ ಇಳಿಸುವುದೂ ವೈದ್ಯರ ಕೆಲಸ.)

‘ಇಂಗ್ಲಿಷಿನಲ್ಲಿ ಓದಿದ ನಿಮಗೆ ಈ ಪ್ರಶ್ನೆ ಹೇಗೆ ಹೊಳೆಯಿತು?’ ಎಂದು ಹೊರಡುವಾಗ ಆ ಡಾಕ್ಟರನ್ನು ಕೇಳಿದೆ. ‘ಹಳ್ಳಿಯ ಆಸ್ಪತ್ರೆಯಲ್ಲಿ ಎರಡು ವರ್ಷ ಇದ್ದೆ ಸಾರ್. ಅಲ್ಲಿಯ ಅಜ್ಜಿಯರು ಹೇಳುತ್ತಿದ್ದುದರಲ್ಲಿ ಅರ್ಧ ರೋಗನಿರ್ಣಯ ಆಗಿಹೋಗಿರುತ್ತಿತ್ತು. ಊರಿನವರು ಬಂದರೆ ಎಲ್ಲರಿಗೂ ಸ್ವೆಲಿಂಗೇ’ ಎಂದರು. ಕನ್ನಡದ ಎಂ.ಎ. ಆದ ನಾನು ಚಪ್ಪಲಿ ಹುಡುಕುವ ನೆಪದಲ್ಲಿ ತಲೆ ತಗ್ಗಿಸಿದೆ.

ಅಮ್ಮ ಎಣಿಸಿದ ಗುರುತುಗಳು ಮನೆಮದ್ದಿನ ಮಾತಲ್ಲ. ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ರೋಮಿನ ಸೆಲ್ಸಸ್ ತನ್ನ ವೈದ್ಯಗ್ರಂಥದಲ್ಲಿ ಉರಿಯೂತಕ್ಕೆ ನಾಲ್ಕು ಲಕ್ಷಣಗಳನ್ನು ಹೇಳಿದ: ಕೆಂಪು, ಊತ, ಬಿಸಿ, ನೋವು. ಇಂದಿಗೂ ವೈದ್ಯವಿದ್ಯಾರ್ಥಿಗಳು ಅದನ್ನು ಉರುಹೊಡೆಯುತ್ತಾರೆ. ನಾಲ್ಕೂ ಕೂಡಿದ್ದು ಅಮ್ಮನ ಬಾವು. ಎರಡನೆಯದೊಂದೇ ಇದ್ದರೆ ಅಮ್ಮನ ಊತ. ಹಸುವಿನ ಕೆಚ್ಚಲಿಗೆ ಸೋಂಕು ತಗುಲಿ ಬಿಸಿಯಾಗಿ ಗಟ್ಟಿಯಾದರೆ ನಮ್ಮ ರೈತರು ‘ಕೆಚ್ಚಲು ಬಾವು’ ಎನ್ನುವರೇ ಹೊರತು ಕೆಚ್ಚಲು ಊತ ಎನ್ನುವುದಿಲ್ಲ. ಇನ್ನು ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಶ್ವಯಥುವಿಗೆಂದೇ ಒಂದು ಅಧ್ಯಾಯವಿದೆ. ಒತ್ತಿದ ಜಾಗ ಮತ್ತೆ ಮೇಲಕ್ಕೆ ಏಳುವುದೇ ಇಲ್ಲವೇ, ಊತ ಹಗಲಿನಲ್ಲಿ ಬಲವೋ ರಾತ್ರಿಯಲ್ಲಿ ಬಲವೋ ಎಂಬುದನ್ನು ನೋಡಿ ಅದರ ಬಗೆಯನ್ನು ಗುರುತಿಸಬೇಕೆಂದು ಅಲ್ಲಿ ಹೇಳಿದೆ. ಚರಕನನ್ನು ಓದದ ಅಮ್ಮ ಅದೇ ಎರಡು ಸಂಗತಿಗಳನ್ನು ಗಮನಿಸಿದ್ದರು.

ಸೆಲ್ಸಸ್ ಊತಕ್ಕೆ ಬಳಸಿದ ಲ್ಯಾಟಿನ್ ಮಾತು ಯಾವುದು ಗೊತ್ತೆ? ‘ಟ್ಯೂಮರ್’. ಅಂದು ಅದು ಬರಿಯ ಊತ, ಬುಗುಟಿಗೂ ಸಲ್ಲುತ್ತಿತ್ತು. ಇಂದು ಅದೇ ಮಾತನ್ನು ನಮ್ಮ ಮನೆಗಳಲ್ಲಿ ಗಟ್ಟಿಯಾಗಿ ಉಚ್ಚರಿಸುವವರಿಲ್ಲ. ಹೇಳಬೇಕಾದ ಕಡೆಯಲ್ಲಿ ‘ಸಣ್ಣ ಸ್ವೆಲಿಂಗ್’ ಎಂದು ಮರೆಸುವ ವಾಡಿಕೆ ಬೇರೆ ಬಂದಿದೆ. ಇದು ನನಗೆ ಭಯ ಹುಟ್ಟಿಸುತ್ತದೆ. ಗಂಟು ಎಂದರೆ ಕೈಗೆ ಸಿಗುವಂಥದು, ತಾನಾಗಿ ಇಳಿಯದಂಥದು ಎಂಬ ಎಚ್ಚರ ಮಾತಿನಲ್ಲಿಯೇ ಇದೆ; ‘ಸ್ವೆಲಿಂಗ್’ ಎಂದೊಡನೆ ಅದು ಇಂದಲ್ಲ ನಾಳೆ ಇಳಿಯುವುದೆಂಬ ಭರವಸೆ ಹುಟ್ಟುತ್ತದೆ. ಸ್ತನದಲ್ಲಿ ಗಂಟು ಕಂಡ ಹೆಂಗಸರು ನೋವಿಲ್ಲವಲ್ಲ ಎಂದು ತಿಂಗಳುಗಟ್ಟಲೆ ಸುಮ್ಮನಿರುವುದುಂಟು. ಅಂಥ ಗಂಟುಗಳಲ್ಲಿ ಹೆಚ್ಚಿನವು ನಿರಪಾಯಕರವೆಂಬುದು ನಿಜ. ಆದರೆ ಅಪಾಯಕರವಾದವು ಮೊದಮೊದಲು ಸಾಮಾನ್ಯವಾಗಿ ನೋಯುವುದಿಲ್ಲವೆಂಬುದೂ ನಿಜ. ಹಾಗೆಯೇ ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ಮೀನಖಂಡ ನೋಯತೊಡಗಿದರೆ ಒಳಗಿನ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದಕ್ಕೆ ನಾಳೆಯವರೆಗೆ ಕಾಯುವಂತಿಲ್ಲ. ‘ಒಂದೇ ಕಾಲು’, ‘ಇದ್ದಕ್ಕಿದ್ದಂತೆ’ ಎಂಬ ಎರಡು ಮಾತುಗಳನ್ನು ವೈದ್ಯರಿಗೆ ಮೊದಲು ಹೇಳಬೇಕು.

ಇಷ್ಟಾಗಿ ದಾವಣಗೆರೆಯ ಮನೆಯ ವ್ಯಾಜ್ಯ ಇತ್ಯರ್ಥವಾಗಲಿಲ್ಲ. ನಾನು ಹೇಳಿದ ಊತ–ಬಾವುಗಳ ಗೆರೆ ನಾಡಿನಲ್ಲೆಲ್ಲ ಒಂದೇ ಸಮನಾಗಿ ಎಳೆದದ್ದಲ್ಲ. ಉತ್ತರದ ಜಿಲ್ಲೆಗಳಲ್ಲಿ ಬಾವು ಎಂಬುದು ಎಲ್ಲ ಬಗೆಯ ಊತಕ್ಕೂ ಸಲ್ಲುವ ಮಾತು. ಧಾರವಾಡದ ಯಜಮಾನರು ತಪ್ಪಾಡಲಿಲ್ಲ. ಮೈಸೂರಿನ ಕಡೆ ಬಾವು ಎಂದರೆ ಕೀವು–ಕಾವುಗಳ ಸಂಶಯ ಬರುತ್ತದೆ. ಆದುದರಿಂದ ಅವರ ಪತ್ನಿ ತಿದ್ದಿದ್ದೂ ನ್ಯಾಯವೇ. ಹುಡುಗಿ ಐಸ್ ಇಡಿ ಎಂದದ್ದು ಒಳ್ಳೆಯ ಚಿಕಿತ್ಸೆ. ಬಟ್ಟೆಯಲ್ಲಿ ಸುತ್ತಿ ಇಡಬೇಕು, ಅಷ್ಟೆ. ಆದರೆ ಆ ಗಳಿಗೆಯಲ್ಲಿ ಆ ಮಗುವಿನ ಹಣೆಗೆ ನೇರವಾಗಿ ಒಪ್ಪುವ ಮಾತನ್ನು ಆಡಿದವರು ಅಡಿಗೆಮನೆಯಿಂದ ಓಡಿಬಂದ ಅಜ್ಜಿ. ಏನಾಯಿತು, ಏತರಿಂದ ಆಯಿತು, ಎಲ್ಲಿ ಆಯಿತು ಎಂಬ ಮೂರನ್ನೂ ‘ಬುಗುಟು’ ಒಂದೇ ಹೇಳಿಬಿಡುತ್ತದೆ. ಅದಕ್ಕೆ ‘ಬೋರೆ’ ಎಂದು ಹೇಳುವವರೂ ಇದ್ದಾರೆ. ನಿಮ್ಮ ಕಡೆ ಏನೆನ್ನುತ್ತಾರೆ? ಮನೆಯ ಹಿರಿಯರನ್ನು ಕೇಳಿ, ಊರಿನ ಹೆಸರಿನೊಡನೆ ಒಂದು ಕಾರ್ಡು ಬರೆಯಿರಿ.